ಮೂವತ್ತೆಂಟು ಹಸುಗಳ ವಿಚಾರಣೆ

ಶಿವರುದ್ರಮ್ಮನವರಿಗೆ ಮೂವತ್ತೆಂಟು ಹಸುಗಳಿದ್ದವು. ಸಗಣಿ, ಗಂಜಲ, ನೊಣಗಳ ಕಾಟವಿಲ್ಲದೆ ಅವು ಮಧುಗಿರಿ ಬೆಟ್ಟದ ಬುಡದ ಮನೆಯ ಟಿವಿಯೊಳಗೆ ಬಾಳುತ್ತಿದ್ದವು. ಮಗ ಗೌರೀಶ ತನಗೆಂದು ಕೊಂಡ ಗೇಮ್ ಕನ್ಸೋಲಿನಲ್ಲಿ ಒಂದು ದಿನ ಅಮ್ಮನಿಗೆ ಬೇಸಾಯದ ಆಟ ಹಾಕಿಕೊಟ್ಟಿದ್ದ. ಅಲ್ಲಿಂದೀಚೆಗೆ, ಎಂಟು ತಿಂಗಳಿಂದ, ಕನ್ಸೋಲ್ ಅವನಿಗೆ ಸಿಗುತ್ತಿದ್ದುದು ಅಮ್ಮ ಸಂತೆಗೆ ಹೋದಾಗ ಮಾತ್ರ.

ಹಸುಗಳಿಗೆಲ್ಲ ಆಕೆ ಗಂಡನ ಕಡೆಯವರ ಹೆಸರಿಟ್ಟಿದ್ದರು. ಹೆಚ್ಚು ತಿಂದು ಕಡಿಮೆ ಕರೆಯುವುದಕ್ಕೆ ದೊಡ್ಡ ನಾದಿನಿ ಪುಟ್ಟತಾಯಮ್ಮನ ಹೆಸರು. ಆ ವಂಶದಲ್ಲಿ ಇನ್ನು ಉಳಿದಿದ್ದುದು ಒಂದೇ ಹೆಸರು, ಗಂಡನದು. ಅದನ್ನು ನಲವತ್ತು ವರ್ಷದಲ್ಲಿ ಆಕೆ ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ "ಗೌರೀಶನ ಅಪ್ಪ" ಎನ್ನುತ್ತಿದ್ದರು.

ತೊಂದರೆ ಶುರುವಾಗಿದ್ದು ಹೊಸ ಡಿಸ್ಕಿನಿಂದ. ಆಟಗಳಿಗೆ ಜಾಗ ಸಾಲದೆಂದು ಗೌರೀಶ ಬೆರಳಗಲದ ಡಿಸ್ಕೊಂದನ್ನು ತರಿಸಿ ಕನ್ಸೋಲಿನೊಳಗೆ ಕೂರಿಸಿ, ಅಮ್ಮನ ಆಟವನ್ನೂ ಅದಕ್ಕೆ ವರ್ಗಾಯಿಸಿದ. ಮರುದಿನದಿಂದ ಶಿವರುದ್ರಮ್ಮ ಗಿಡಗಳಿಗೆ ನೀರು ಹಾಯಿಸಿ ಕೊಟ್ಟಿಗೆಯ ಬಾಗಿಲು ತೆರೆದರೆ ಸಾಕು, ಪರದೆ ಕಪ್ಪಾಗಿ ಕನ್ಸೋಲೇ ಆರಿಹೋಗುತ್ತಿತ್ತು. ಆಟವನ್ನು ಹಳೆಯ ಜಾಗಕ್ಕೆ ಮರಳಿಸಲು ಹೋದರೆ ಅರ್ಧ ದಾರಿಯಲ್ಲೇ ನಿಲ್ಲುತ್ತಿತ್ತು.

"ಎಲ್ಲಾ ಅಳಿಸಿ ಹೊಸದಾಗಿ ಶುರು ಮಾಡ್ಬೇಕು ಕಣಮ್ಮ," ಎಂದ ಗೌರೀಶ.

"ಎಲ್ಲಾ ಅಂದ್ರೆ? ಹಸಾನೂವಾ?"

"ಹಸಾನೂವೆ."

"ಪುಟ್ಟತಾಯಮ್ಮ ತುಂಬಿದ ಗಬ್ಬ ಕಣ್ಲಾ! ಇವತ್ತೋ ನಾಳೆಯೋ ಅನ್ನಂಗವ್ಳೆ. ಅಳಿಸ್ತಾನಂತೆ!"

ಆಗ ಜಗುಲಿಯಿಂದ ಗೌರೀಶನ ಅಪ್ಪ ಮಹಾಲಿಂಗಯ್ಯನವರು ಗಂಟಲು ಸರಿಮಾಡಿಕೊಂಡ ಸದ್ದು ಕೇಳಿಸಿತು. ಮೂವತ್ತನಾಲ್ಕು ವರ್ಷ ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮನೆಯಲ್ಲಿ ಬೆಕ್ಕು ಹಾಲು ಕುಡಿದರೂ ಎರಡೂ ಕಡೆಯ ಹೇಳಿಕೆ ಪಡೆಯದೆ ಅವರು ಕೋಲೆತ್ತಿದವರಲ್ಲ.

"ವಿಚಾರಣೆ ಮುಗಿಯೋವರ್ಗೂ ತಡೆಯಾಜ್ಞೆ. ಯಾರೂ ಏನೂ ಅಳ್ಸಂಗಿಲ್ಲ," ಎಂದರು.

ಗೆರೆ ಹಾಕಿದ ನೋಟ್‌ಬುಕ್ಕು ಬಂತು. ಹದಿನೈದು ದಿನ ಅವರು ಹೆಂಡತಿಯ ಪಕ್ಕದಲ್ಲೇ ಕೂತು, ಕನ್ಸೋಲ್ ಹಚ್ಚಿದ ಗಂಟೆ, ಆರಿದ ಗಂಟೆ, ಆ ಹೊತ್ತಿಗೆ ಪರದೆಯ ಮೇಲೆ ಕಂಡವರು ಎಲ್ಲವನ್ನೂ ದಾಖಲಿಸಿದರು. ದಿನವೂ ಕಲಾಪ ಶುರುವಾಗುವ ಮುನ್ನ ಟಿವಿಯತ್ತ ತಿರುಗಿ, "ಪುಟ್ಟತಾಯಮ್ಮಾ, ಪುಟ್ಟತಾಯಮ್ಮಾ, ಪುಟ್ಟತಾಯಮ್ಮಾ!" ಎಂದು ಕೋರ್ಟಿನ ಜವಾನನ ಧಾಟಿಯಲ್ಲಿ ಮೂರು ಸಲ ಕೂಗುತ್ತಿದ್ದರು. ಕರೆದಾಗ ಬಾರದವಳ ಹೆಸರಿನ ಮುಂದೆ "ಗೈರುಹಾಜರಿ" ಎಂದು ಬರೆಯುತ್ತಿದ್ದರು. ಶಿರಾದಲ್ಲಿದ್ದ ನಿಜವಾದ ಪುಟ್ಟತಾಯಮ್ಮನಿಗೆ ಇದು ಹೇಗೋ ತಿಳಿದು ಅವರು ಫೋನ್ ಎತ್ತುವುದನ್ನೇ ಬಿಟ್ಟರು.

ಹದಿನಾರನೆಯ ದಿನ, ಭಾನುವಾರ, ಮಹಾಲಿಂಗಯ್ಯ ಕೊಟ್ಟಿಗೆಯೇ ಅಪರಾಧಿ ಎಂದು ತೀರ್ಪು ಬರೆಯಲು ಪೆನ್ನು ತೆರೆದರು. ಪಕ್ಕದಲ್ಲಿ ಸೊಸೆ ಲೋಹಿತಾ ಅವರೆಕಾಯಿ ಸುಲಿಯುತ್ತಿದ್ದಳು. ಕೊರಟಗೆರೆಯ ಲ್ಯಾಬೊಂದರಲ್ಲಿ ದಿನಕ್ಕೆ ನೂರು ಜನರ ರಕ್ತದ ಲೆಕ್ಕ ನೋಡುವವಳು. ನೋಟ್‌ಬುಕ್ಕು ಎಳೆದುಕೊಂಡಳು.

"ಮಾವ, ಹದಿನಾಲ್ಕನೇ ತಾರೀಕು ಅತ್ತೆ ಕೊಟ್ಟಿಗೆ ಕಡೆ ತಲೇನೇ ಹಾಕಿಲ್ಲ. ಟೊಮ್ಯಾಟೊ ಕೀಳ್ತಿದ್ರು ಅಂತ ನೀವೇ ಬರ್ದಿದ್ದೀರ. ಆವತ್ತೂ ಆರೋಗೈತಲ್ಲ?"

"ಹೂಂ... ಹೋಗೈತೆ."

"ಹಚ್ಚಿದ ಮೇಲೆ ಬೆಳಗ್ಗೆ ಆದ್ರೆ ಇಪ್ಪತ್ತೇಳು ನಿಮಿಷಕ್ಕೆ ಆರ್ತೈತೆ, ಮಟಮಟ ಮಧ್ಯಾಹ್ನ ಆದ್ರೆ ಇಪ್ಪತ್ತಕ್ಕೆ. ಕೊಟ್ಟಿಗೆದೇನೂ ತಪ್ಪಿಲ್ಲ ಮಾವ. ಒಳಗೇನೋ ಕಾಯ್ತೈತೆ. ರೀ, ಬಿಚ್ರೀ ಅದನ್ನ."

ಗೌರೀಶ ಬಿಚ್ಚಿದ. ಡಿಸ್ಕಿನ ಮೇಲೆ, ಶಾಖ ಹೀರಲೆಂದು ಕೂರಿಸಿದ್ದ ಲೋಹದ ಪಟ್ಟಿಯನ್ನು ಎತ್ತಿದ. ಅಡಿಯಲ್ಲಿ ವಿಭೂತಿಯ ಮೂರು ಪಟ್ಟೆಗಳು, ದಪ್ಪಗೆ, ಒಣಗಿ, ಹಕ್ಕಳೆಗಟ್ಟಿ ಕೂತಿದ್ದವು. ಪಟ್ಟಿ ಡಿಸ್ಕಿಗೆ ತಾಗಿಯೇ ಇರಲಿಲ್ಲ.

ಆ ಮನೆಯ ಫ್ರಿಜ್ಜು, ಮಿಕ್ಸಿ, ಸ್ಕೂಟರು, ಕುಕ್ಕರಿನ ಮುಚ್ಚಳ, ಎಲ್ಲದರ ಮೇಲೂ ಅವೇ ಮೂರು ಪಟ್ಟೆಗಳಿದ್ದವು. ಎಲ್ಲವೂ ಒಂದೇ ಕೈಯವು.

"ನೀನು ಆವತ್ತು ಸ್ಕ್ರೂಡ್ರೈವರ್ ತರಕ್ಕೋಗಿದ್ಯಲ್ಲ," ಎಂದರು ಮಹಾಲಿಂಗಯ್ಯ, ಮಗನ ಮುಖ ನೋಡದೆ. "ಹೊಸಾ ವಸ್ತು ಬರೀ ಹಣೇಲಿ ಒಳಕ್ಕೋಗ್ಬಾರ್ದು ಅಂತ... ಮೇಲೆ ಹಚ್ಚಿದ್ರೆ ಅಳಿಸೋಗ್ತದೆ, ಅದ್ಕೇ ಪಟ್ಟಿ ಎತ್ತಿ..."

ಶಿವರುದ್ರಮ್ಮ ಎದ್ದು ನಿಂತರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಯಿಯ ಪಕ್ಕಕ್ಕೆ ಕೈ ಹಿಡಿದು, ಬೀದಿಗೆ ಕೇಳುವಂತೆ ಕೂಗಿದರು:

"ಮಹಾಲಿಂಗಯ್ಯಾ! ಮಹಾಲಿಂಗಯ್ಯಾ! ಮಹಾಲಿಂಗಯ್ಯಾ!"

ಲೋಹಿತಾಳ ಮಡಿಲಿಂದ ಅವರೆಕಾಯಿ ಉರುಳಿದವು. ಮಹಾಲಿಂಗಯ್ಯ ಅಭ್ಯಾಸಬಲದಿಂದ ಎದ್ದು ಕೈಕಟ್ಟಿ, "ಹಾಜರ್" ಎಂದರು.

ಲೋಹಿತಾ ಸ್ಪಿರಿಟಿನಲ್ಲಿ ಹತ್ತಿ ಅದ್ದಿ ಡಿಸ್ಕಿನ ಹಣೆ ಒರೆಸಿದಳು. ಪಟ್ಟಿ ಅಂಟಿಕೊಂಡಿತು. ಮತ್ತೆ ಆಟ ಹಚ್ಚಿದಾಗ ಮಧ್ಯಾಹ್ನ ಹನ್ನೆರಡೂವರೆ. ಹೊರಗೆ ಬೆಟ್ಟದ ಬಂಡೆ ಹಂಚಿನಂತೆ ಕಾದಿತ್ತು. ಇಪ್ಪತ್ತನೆಯ ನಿಮಿಷಕ್ಕೆ ನಾಲ್ವರೂ ಉಸಿರು ಹಿಡಿದರು. ಇಪ್ಪತ್ತೊಂದಾಯಿತು. ಇಪ್ಪತ್ತೆಂಟಾಯಿತು. ಶಿವರುದ್ರಮ್ಮ ಕೊಟ್ಟಿಗೆಯ ಬಾಗಿಲು ತೆರೆದರು. ಮೂವತ್ತೆಂಟೂ ನಿಂತಿದ್ದವು. ಪುಟ್ಟತಾಯಮ್ಮನ ಕಾಲ ಬಳಿ ಇನ್ನೊಂದು, ಪುಟ್ಟದು, ಅಲ್ಲಾಡುತ್ತಿತ್ತು.

"ಗಂಡುಗರ ಕಣಮ್ಮ!" ಎಂದ ಗೌರೀಶ. ಪರದೆಯ ಮೇಲೆ ಕರುವಿನ ಹೆಸರು ಬರೆಯಲು ಖಾಲಿ ಚೌಕವೊಂದು ಮೂಡಿತು.

ಮಹಾಲಿಂಗಯ್ಯ ಪೆನ್ನು ಹಿಡಿದು ತಗ್ಗಿದ ದನಿಯಲ್ಲಿ ಕೇಳಿದರು: "ಏನಂತ ದಾಖಲು ಮಾಡ್ಕೊಳ್ಲಿ?"

ಶಿವರುದ್ರಮ್ಮ ಗಂಡನನ್ನು ಒಮ್ಮೆ ನೋಡಿದರು, ಕರುವನ್ನು ಒಮ್ಮೆ ನೋಡಿದರು. ನಾಲ್ಕನೆಯ ಸಲಕ್ಕೆ ಆ ಹೆಸರು ಸಲೀಸಾಗಿ ಬಂತು.