ಕಿನ್ಸಾಕು ತಾತ ತೆಗೆದ ಫೋಟೋ

ತೆತ್ಸುರೋ ತೀರಿಕೊಂಡಾಗ ಮನೆಯಲ್ಲಿ ಅವನದೊಂದೂ ಫೋಟೋ ಇರಲಿಲ್ಲ. ಹದಿನಾಲ್ಕು ವರ್ಷ ಊರೂರು ಸುತ್ತಿ ಪ್ರವಾಸ ಪತ್ರಿಕೆಗಾಗಿ ದೇಗುಲ, ಸರೋವರ, ಹಿಮ ಹೊತ್ತ ಬೆಟ್ಟಗಳ ಚಿತ್ರ ತೆಗೆದವನು. ಬಿಸ್ಕತ್ತಿನ ಡಬ್ಬಗಳ ತುಂಬ ನೆಗೆಟಿವ್‌ಗಳಿದ್ದವು. ಒಂದರಲ್ಲೂ ಅವನಿಲ್ಲ. ಬೆಳಗಿನ ಹೊತ್ತು ತೆಗೆದ ಕೆಲವು ಚಿತ್ರಗಳಲ್ಲಿ ದೇಗುಲದ ಅಂಗಳದ ಮೇಲೆ ಅವನ ನೆರಳು ಉದ್ದಕ್ಕೆ ಬಿದ್ದಿರುತ್ತಿತ್ತು. ಪತ್ರಿಕೆಯವರಿಗೆ ನೆರಳು ಬೇಡ. ಹೆಂಡತಿ ಚಿಹಾರು ಸಣ್ಣ ಕುಂಚ ಹಿಡಿದು ಅದನ್ನೂ ಮುಚ್ಚುತ್ತಿದ್ದಳು. ಫಿಲ್ಮು ತೊಳೆಯುವುದು, ಪ್ರಿಂಟು ಹಾಕುವುದು, ತಿದ್ದುವುದು ಎಲ್ಲ ಅವಳ ಪಾಲಿನ ಕೆಲಸ.

ಮದುವೆಯ ಫೋಟೋ ಕೂಡ ಇಲ್ಲ. ಮದುವೆ ಎಂದರೆ ಪುರಸಭೆಯಲ್ಲಿ ಕಾಗದಕ್ಕೆ ಮೊಹರು ಒತ್ತಿ, ಎದುರಿನ ಅಂಗಡಿಯಲ್ಲಿ ಸೋಬಾ ಶಾವಿಗೆ ತಿಂದು ಮನೆಗೆ ಬಂದದ್ದು, ಅಷ್ಟೆ.

ಡಿಸೆಂಬರಿನಲ್ಲಿ, ಸರೋವರದ ಕಡೆಯಿಂದ ಮರಳುವಾಗ, ರೈಲು ನಿಲ್ದಾಣದ ಬೆಂಚಿನ ಮೇಲೆ ಅವನ ಎದೆಬಡಿತ ನಿಂತುಹೋಯಿತು. ಮೂವತ್ತೊಂಬತ್ತು ವರ್ಷ. ಅಂತ್ಯಕ್ರಿಯೆಗೆ ಫೋಟೋ ಬೇಕೆಂದಾಗ ಡ್ರೈವಿಂಗ್ ಲೈಸೆನ್ಸಿನ ಚಿತ್ರವನ್ನೇ ದೊಡ್ಡದು ಮಾಡಿಸಿದರು. ಸ್ಟುಡಿಯೋದವರು ರೂಢಿಯಂತೆ ಶರ್ಟು ತೆಗೆದು, ಅವನು ಯಾವತ್ತೂ ಉಡದ ಕಪ್ಪು ಕಿಮೋನೋ ಕೂಡಿಸಿ ಕೊಟ್ಟರು. ಮುಖ ಬೆಚ್ಚಿಬಿದ್ದವನದು. ಮೈ ಇನ್ಯಾರದೋ.

"ಇದು ಯಾರ ಕುತ್ತಿಗೆಯೇ?" ಎಂದು ಅತ್ತೆ ಫುಸಾಯೆ ಕೇಳಿದ್ದಳು. ನಲವತ್ತೊಂಬತ್ತನೆಯ ದಿನ ಬೂದಿ ಮಣ್ಣಿಗೆ ಹೋಗುತ್ತದೆ, ಸತ್ತವರ ಹೆಸರು ಬರೆದ ಬಿಳಿ ಹಲಗೆ ತೆಗೆದು ಅರಗು ಬಳಿದ ಕಾಯಂ ಹಲಗೆ ಇಡುತ್ತಾರೆ. ಅಷ್ಟರಲ್ಲಿ ಅವನದೇ ಆದ ಒಂದು ಮುಖ ಹುಡುಕಿ ಇಡಬೇಕು ಎಂದು ಚಿಹಾರು ಮನಸ್ಸಿನಲ್ಲೇ ಅಂದುಕೊಂಡಳು. ಅದೊಂದು ಬಿಟ್ಟು ಬೇರೇನೂ ಅವಳಿಗೆ ಬೇಕೆನಿಸುತ್ತಿರಲಿಲ್ಲ. ಊಟವೂ ಅಷ್ಟೆ.

ನಿಲ್ದಾಣದವರು ತಲುಪಿಸಿದ ಚೀಲದಲ್ಲಿ ಕ್ಯಾಮೆರಾ ಇತ್ತು. ಮೂವತ್ತಾರರ ಫಿಲ್ಮಿನಲ್ಲಿ ಇಪ್ಪತ್ತೆರಡು ಮುಗಿದಿದ್ದವು. ಅವಳು ಅದನ್ನು ಹೊರತೆಗೆಯಲಿಲ್ಲ. ತೊಳೆದುಬಿಟ್ಟರೆ ಅವನ ಕೆಲಸ ಅಲ್ಲಿಗೆ ಮುಗಿದಂತೆ.

ವರ್ಷದ ಕೊನೆಗೆ ಮನೆ ಶುಚಿ ಮಾಡುವ ದಿನ ಬಂತು. ಸಾವಿನ ಮನೆಯಲ್ಲಿ ಹೊಸವರ್ಷವಿಲ್ಲ, ಆದರೂ ಧೂಳು ಹಾಗೇ ಬಿಡುವಂತಿಲ್ಲ ಎಂದು ಫುಸಾಯೆ ತಲೆಗೆ ಬಟ್ಟೆ ಕಟ್ಟಿ ಎದ್ದಳು. ಮಗನ ಬೂಟು ಒರೆಸಿದಳು, ಕೊಡೆ ಒರೆಸಿದಳು, ಕ್ಯಾಮೆರಾ ಒರೆಸಿದಳು. ಒಳಗೂ ಧೂಳಿರಬಹುದೆಂದು ಹಿಂದಿನ ಮುಚ್ಚಳ ತೆಗೆದಳು.

ಆಮೇಲೆ ಸೊಸೆಯ ಮುಂದೆ ಬಂದು ಕೂತು ಹಣೆ ಚಾಪೆಗೆ ಮುಟ್ಟಿಸಿದಳು.

"ಕಂದು ಬಣ್ಣದ್ದೇನೋ ಕಂಡ್ತು. ಫಿಲ್ಮಿಗೆ ಬೆಳಕು ಬಿತ್ತು. ತಕ್ಷಣ ಮುಚ್ಚಿದೆ. ಒಂದು ಉಸಿರು ಎಳೆಯೋವಷ್ಟು ಹೊತ್ತೂ ಇಲ್ಲ."

"ಏಳಿ ಅತ್ತೆ, ನೆಲ ತಣ್ಣಗಿದೆ."

"ಬೈಯೇ. ನೀನು ಬೈದ್ರೆ ನಂಗೂ ಸಮಾಧಾನ."

ಬೈಯಲು ಚಿಹಾರುವಿನೊಳಗೆ ಏನೂ ಇರಲಿಲ್ಲ.

ಜನವರಿ ಎರಡನೆಯ ವಾರ ಫೋನು ಬಂತು. ಮುದುಕನ ದನಿ, ಗಾಳಿಯ ಸದ್ದಿನ ನಡುವೆ ಕೂಗಿ ಮಾತಾಡುವವನದು.

"ಕ್ಯಾಮೆರಾದವನ ಮನೆಯೇನಮ್ಮ? ನಾನು ಸರೋವರದ ಬಡಗಲ ಕಡೆಯ ಕಿನ್ಸಾಕು. ಕನ್ನೊನ್ ಗುಡಿ ಬೀಗದ ಪಾಳಿ ಈ ವರ್ಷ ನಂದು. ಹೊಸವರ್ಷಕ್ಕೆ ಒಂದು ಕಾರ್ಡೂ ಹಾಕ್ಲಿಲ್ಲವಲ್ಲ ನಿನ್ನ ಗಂಡ? ಫೋಟೋ ತೆಗೀತೀನಿ ಅಂದೋನು ನಾಪತ್ತೆ. ಫೋಟೋ ಇಲ್ದೆ ಸಾಯೋಕೆ ಹೇಳ್ತಾನೇನು ನಂಗೆ?"

ಸಾವಿನ ಮನೆ, ಈ ಸಲ ಕಾರ್ಡಿಲ್ಲ ಎಂಬ ಪತ್ರವನ್ನು ಅವಳು ವಿಳಾಸ ಇದ್ದವರಿಗೆಲ್ಲ ಹಾಕಿದ್ದಳು. ತೆತ್ಸುರೋನ ಪುಸ್ತಕದಲ್ಲಿ ಈ ತಾತನಿಗೆ ವಿಳಾಸವಿರಲಿಲ್ಲ. 'ಬೀಗ' ಎಂದು ಬರೆದು ಫೋನ್ ಸಂಖ್ಯೆ ಮಾತ್ರ ಇತ್ತು.

ಹೇಳಬೇಕೆಂದು ಬಾಯಿ ತೆರೆದಳು. "ನಾನು ಬರ್ತೀನಿ" ಎಂದಷ್ಟೇ ಹೊರಟಿತು.

ಮರುದಿನ ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡು ರೈಲು ಹತ್ತಿದಳು. ಮನೆಯಲ್ಲಿಟ್ಟು ಹೊರಡಲು ಧೈರ್ಯ ಬರಲಿಲ್ಲ.

ಆ ಊರಿನ ಗುಡಿಗೆ ಅರ್ಚಕರಿಲ್ಲ. ಇಪ್ಪತ್ತಮೂರು ಮನೆಯವರು ವರ್ಷಕ್ಕೊಬ್ಬರಂತೆ ಬೀಗದ ಕೈ ಇಟ್ಟುಕೊಂಡು, ಬಂದವರಿಗೆ ಬಾಗಿಲು ತೆಗೆಯುತ್ತಾರೆ. ಕಿನ್ಸಾಕು ರಬ್ಬರ್ ಬೂಟು ಹಾಕಿಕೊಂಡು, ಮೊಣಕಾಲುದ್ದದ ಹಿಮ ಸರಿಸಿ ದಾರಿ ಮಾಡಿ ಕಾಯುತ್ತಿದ್ದ. ಎಂಬತ್ತೆರಡು ವರ್ಷ. ಕ್ಯಾಮೆರಾ ನೋಡಿದ. ಅವಳ ಕಪ್ಪು ಬಟ್ಟೆ ನೋಡಿದ. ಕೈಲಿದ್ದ ಸಲಿಕೆಯನ್ನು ಮೆಲ್ಲಗೆ ಗೋಡೆಗೆ ಒರಗಿಸಿದ.

"ಯಾವಾಗ?"

"ಡಿಸೆಂಬರ್ ಹತ್ತು."

"ಇಲ್ಲಿಂದ ಹೋದ ಮೂರನೇ ದಿನ." ಜೇಬಿನಲ್ಲಿ ಬೀಗದ ಕೈ ಹುಡುಕುತ್ತ, "ನಾನು ಫೋನಲ್ಲಿ ಏನೇನೋ ಅಂದುಬಿಟ್ಟೆ" ಎಂದ.

"ನಿಮಗೆ ಗೊತ್ತಿರಲಿಲ್ಲ, ತಾತ."

ಅವನು ಬೀಗ ತೆಗೆದ. ಒಳಗೆ ಕತ್ತಲಲ್ಲಿ ಕನ್ನೊನ್ ದೇವಿ ನಿಂತಿದ್ದಳು, ಒಂದು ಕೈ ಮೊಣಕಾಲಿನವರೆಗೆ ಇಳಿಬಿಟ್ಟು. ದೇವಿಯ ಫೋಟೋ ತೆಗೆಯುವಂತಿಲ್ಲ. ತೆತ್ಸುರೋ ಇಲ್ಲಿಗೆ ಬಂದುಹೋದ ಏಳು ವರ್ಷವೂ ಹೊರಗಿನಿಂದ ಗುಡಿಯನ್ನು, ಅದರ ಹಿಂದಿನ ಸರೋವರವನ್ನು ಮಾತ್ರ ತೆಗೆದಿದ್ದ. ಅದಾದ ಮೇಲೆ, ಊರಿನ ಮುದುಕರನ್ನು ಒಬ್ಬೊಬ್ಬರಾಗಿ ಜಗಲಿಯ ಮೇಲೆ ಕೂರಿಸಿ, ನಾಳೆ ಅಂತ್ಯಕ್ರಿಯೆಗೆ ಬೇಕಾಗುವ ಫೋಟೋ ತೆಗೆದುಕೊಟ್ಟು ಹೋಗುತ್ತಿದ್ದ. ಇದನ್ನು ಅವನು ಮನೆಯಲ್ಲಿ ಹೇಳಿರಲಿಲ್ಲ. ಆ ಪ್ರಿಂಟುಗಳನ್ನೆಲ್ಲ ಹಾಕಿದವಳು ಅವಳೇ. ಯಾವ ಊರಿನ ಮುದುಕರೋ ಎಂದುಕೊಂಡಿದ್ದಳು.

"ನನ್ನ ಸರದಿ ಬಂದಾಗ ನಾನೇ ತಕರಾರು ತೆಗೆದೆ" ಎಂದ ಕಿನ್ಸಾಕು. "ಆ ಡಬ್ಬಿ ಮುಂದೆ ಕೂತೋರೆಲ್ಲ ಒಂದೆರಡು ವರ್ಷದಲ್ಲಿ ಹೋಗ್ತಿದಾರೆ, ಮೊದಲು ನೀನು ಕೂತ್ಕೋ, ನಾನು ಒತ್ತುತೀನಿ, ಆಮೇಲೆ ನೋಡೋಣ ಅಂದೆ. ಅವನು ನಗ್ತಾ ಬಂದು ಇಲ್ಲೇ ಕೂತ. ನಾನು ಒತ್ತಿದೆ."

ಚಿಹಾರುವಿನ ಕೈ ಕ್ಯಾಮೆರಾದ ಮೇಲೆ ನಿಂತಿತು. "ಒತ್ತಿದ್ರಾ?"

"ಟಕ್ ಅಂತು. ಆಮೇಲೆ ಮೋಡ ಮುಚ್ತು. ನಿಮ್ಮದು ಹೊಸವರ್ಷ ಕಳೀಲಿ ತಾತ, ಬಂದು ತೆಗೀತೀನಿ ಅಂದ." ಅವನು ತನ್ನ ಹೆಬ್ಬೆರಳು ನೋಡಿಕೊಂಡ. "ತಮಾಷೆಗೆ ಅಂದಿದ್ದಮ್ಮ ನಾನು. ಮೊದಲು ನೀನು ಕೂತ್ಕೋ ಅಂತ."

"ಅದರಿಂದ ಏನೂ ಆಗಿಲ್ಲ, ತಾತ." ಅವಳು ಗಟ್ಟಿಯಾಗಿಯೇ ಹೇಳಿದಳು. ನಂತರ, "ಅದು ಯಾವ ಫಿಲ್ಮು?"

"ಹೊಸದು ಹಾಕಿದ. ಹಾಕಿದ ಕೂಡಲೇ ಮೊದಲನೇದು ನಂದೇ."

ಮೊದಲನೆಯದು. ಮುಗಿದ ಫಿಲ್ಮು ಒಳಗಿನ ಉರುಳೆಗೆ ಸುತ್ತಿಕೊಳ್ಳುತ್ತದೆ. ಬೆಳಕು ಬಿದ್ದರೆ ಹೊರಸುತ್ತು ಸುಡುತ್ತದೆ. ತೀರ ಒಳಗಿನ ಸುತ್ತು ಉಳಿದರೂ ಉಳಿದೀತು. ಒಂದು ತಿಂಗಳಲ್ಲಿ ಮೊದಲ ಸಲ ಅವಳಿಗೆ ತನ್ನ ಎದೆ ಬಡಿಯುವುದು ಕೇಳಿಸಿತು.

"ನೀವು ಕೂತ್ಕೊಳ್ಳಿ ತಾತ" ಎಂದಳು. "ಇದರಲ್ಲಿ ಇನ್ನೂ ಹದಿನಾಲ್ಕು ಉಳಿದಿವೆ. ನಿಮ್ಮದು ತೆಗೆದುಬಿಡ್ತೀನಿ."

"ನೀನಾ? ನಿಂಗೆ ಬರುತ್ತಾ?"

"ನಿಮಗಿಂತ ಚೆನ್ನಾಗಿ."

ತಾತ ಹಲ್ಲಿಲ್ಲದ ಬಾಯಿ ಮುಚ್ಚಿಕೊಂಡು ನಕ್ಕ. ಟೋಪಿ ತೆಗೆದು, ಹಾಕಿಕೊಂಡು, ಮತ್ತೆ ತೆಗೆದ. ಹಿಮದ ಬೆಳಕು ಕೆಳಗಿನಿಂದ ಅವನ ಮುಖ ತುಂಬಿತ್ತು. ಅವಳು ಹದಿನಾಲ್ಕನ್ನೂ ಅವನಿಗೇ ಖರ್ಚು ಮಾಡಿದಳು.

ಅಂದು ಸಂಜೆಯೇ ಸ್ನಾನದ ಮನೆಯ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ ಫಿಲ್ಮು ತೊಳೆದಳು. ಫುಸಾಯೆ ಬಾಗಿಲ ಹೊರಗೆ ಕೂತಿದ್ದಳು. ಒದ್ದೆ ಫಿಲ್ಮನ್ನು ದೀಪಕ್ಕೆ ಹಿಡಿದಾಗ ಕಂಡದ್ದು ಇಷ್ಟು. ಕೊನೆಯಲ್ಲಿ ಕಿನ್ಸಾಕು, ಸ್ಪಷ್ಟವಾಗಿ. ನಡುವೆ ಮಸಿಯಂತೆ ಕಪ್ಪು. ಅವನು ಕೊನೆಯದಾಗಿ ಕಂಡ ಬೆಟ್ಟ, ನೀರು, ಗುಡಿ ಎಲ್ಲ ಅಲ್ಲಿ ಹೋಗಿದ್ದವು. ಆಮೇಲೆ ಒಳಗಿನ ಸುತ್ತುಗಳು. ಅಂಚು ಮಾತ್ರ ಸುಟ್ಟು, ಸರೋವರದ ನಾಲ್ಕು ಚಿತ್ರಗಳು. ಎಲ್ಲಕ್ಕಿಂತ ಮೊದಲು, ಜಗಲಿಯ ಮೇಲೆ ಕೂತ ಒಬ್ಬ ಮನುಷ್ಯ.

ಫಿಲ್ಮು ಒಣಗಿದ ಮೇಲೆ ಆ ಒಂದನ್ನು ಪ್ರಿಂಟು ಹಾಕಿ, ಒದ್ದೆ ಪ್ರಿಂಟನ್ನು ತಟ್ಟೆಯಲ್ಲೇ ಇಟ್ಟು ಬಾಗಿಲು ತೆರೆದಳು. ಫುಸಾಯೆ ಬಗ್ಗಿ ನೋಡಿದಳು.

ಕಿನ್ಸಾಕುವಿನ ಕೈ ನಡುಗಿರಲಿಲ್ಲ, ಚಿತ್ರ ಅಲುಗಿರಲಿಲ್ಲ. ಆದರೆ ಕ್ಯಾಮೆರಾವನ್ನು ಕೆಳಗೆ ಹಿಡಿದಿದ್ದ. ಮಾಸಿದ ಜಾಕೆಟ್ಟು, ಅದರ ಮೂರನೆಯ ಗುಂಡಿ ಬೇರೆ ಬಣ್ಣದ್ದು, ಮೊಣಕಾಲ ಮೇಲೆ ಎರಡು ಕೈ, ಕೆಸರು ಮೆತ್ತಿದ ಬೂಟು. ಮೇಲೆ ಗದ್ದದ ಅಂಚಿಗೆ ಚಿತ್ರ ಮುಗಿದಿತ್ತು.

ಫುಸಾಯೆ ಮುಖ ಹುಡುಕಲಿಲ್ಲ. ಚಿತ್ರದ ಬಲಗೈ ಮುಟ್ಟಲು ಹೋಗಿ, ಒದ್ದೆಯೆಂದು ತಡೆದಳು.

"ಈ ಬೆರಳು ಸೊಟ್ಟ ನೋಡು. ಐದು ವರ್ಷದವನಿದ್ದಾಗ ಬಾಗಿಲ ಸಂದಿಗೆ ಸಿಕ್ಕಿತ್ತು. ಬಾಗಿಲು ಹಾಕಿದೋಳು ನಾನೇ. ಅತ್ತು ಅತ್ತು, ಕೊನೆಗೆ ನೀನು ಅಳಬೇಡಮ್ಮ ಅಂತ ನಂಗೇ ಹೇಳಿದ್ದ."

ಅವಳು ಸೊಸೆಯ ಒದ್ದೆ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಸೊಂಟಕ್ಕೆ ಕಟ್ಟಿದ್ದ ಅಡುಗೆಬಟ್ಟೆಯಲ್ಲಿ ಒರೆಸಿದಳು, ಒಂದೊಂದೇ ಬೆರಳು. ಚಿಹಾರು ಒರೆಸಿಸಿಕೊಂಡಳು.

ನಲವತ್ತೊಂಬತ್ತನೆಯ ದಿನ ಲೈಸೆನ್ಸಿನ ಮುಖವೇ, ಬೇರೆಯವರ ಕಿಮೋನೋದಲ್ಲಿ, ಪೀಠದ ಮೇಲೆ ಉಳಿಯಿತು. ಬೂದಿ ಮಣ್ಣಿಗೆ ಹೋಯಿತು. ಕೈಗಳ ಚಿತ್ರ ಅತ್ತೆಯ ದಿಂಬಿನ ಕೆಳಗಿತ್ತು.

ವಾರದ ಮೇಲೆ ಕಿನ್ಸಾಕುವಿನ ಫೋನು.

"ನನ್ನ ಫೋಟೋ ಬಂತಮ್ಮ. ಸೊಸೆ ನೋಡಿ, ಮಾವ ಇಷ್ಟು ಒಳ್ಳೆಯವರ ಥರ ಯಾವಾಗ ಕಂಡ್ರು ಅಂತಾಳೆ." ಅವನು ಕೆಮ್ಮಿದ. ದನಿ ತಗ್ಗಿತು. "ನಾನು ತೆಗೆದದ್ದು? ಹಾಳಾಗ್ಲಿಲ್ಲ ತಾನೆ?"

"ಇಲ್ಲ ತಾತ. ಚೆನ್ನಾಗಿ ಬಂದಿದೆ."

"ನಗ್ತಾ ಇದ್ದಾನಲ್ವಾ?"

ಚಿಹಾರು ಫೋನಿನ ಸುರುಳಿ ತಂತಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಹೌದು" ಎಂದಳು. "ಆದರೂ ನೀವು ಎದುರಿಗೆ ನೋಡಿದವರು. ಹೇಗೆ ನಕ್ಕರು, ಒಂದು ಸಲ ಹೇಳಿ ತಾತ."

"ಹೇಗೆ ಅಂದ್ರೆ..." ಮುದುಕ ಯೋಚಿಸಿದ. "ಮೊದಲು ಎಡಗಣ್ಣು ಸಣ್ಣ ಆಯ್ತು. ಆಮೇಲೆ ಬಲಗಣ್ಣು."

ಅವಳು ಕಣ್ಣು ಮುಚ್ಚಿದಳು. "ಹೂಂ" ಎಂದಳು. "ಆಮೇಲೆ?"