ಸಿಗಪ್ಪಿಯ ನೀರು, ನನ್ನ ಬೀಗ

ಸಿಗಪ್ಪಿ ನನ್ನ ಓರಗಿತ್ತಿ. ಮೈದುನನ ಹೆಂಡತಿ ಎನ್ನುವುದಕ್ಕಿಂತ ನನ್ನ ಹೊಟ್ಟೆಯುರಿ ಎಂದರೇ ಸರಿ. ದೇವಕೋಟೈಯ ನಮ್ಮ ಮಹಿಳಾ ಸೇವಾ ಕ್ಲಬ್ಬಿನಲ್ಲಿ ಪ್ರತಿ ಜುಲೈಗೆ ಅಧ್ಯಕ್ಷೆ ಬದಲಾಗುತ್ತಾಳೆ. ಹೋದ ವರ್ಷ ನಾನು, ಈ ವರ್ಷ ಅವಳು. ಅಧ್ಯಕ್ಷೆಯ ಸರವನ್ನು ನನ್ನ ಕೊರಳಿನಿಂದ ತೆಗೆದು ನಾನೇ ಅವಳಿಗೆ ಹಾಕಬೇಕಾಯಿತು. ನಗುನಗುತ್ತಲೇ ಹಾಕಿದೆ. ಫೋಟೋ ತೆಗೆಯುವವರಿದ್ದರಲ್ಲ!

ನನ್ನ ವರ್ಷದಲ್ಲಿ ಹೆಣ್ಣುಮಕ್ಕಳ ಶಾಲೆಗೆ ಶೌಚಾಲಯ ಕಟ್ಟಿಸಿದ್ದೆ. ಗುಲಾಬಿ ಟೈಲ್ಸು, ಬಾಗಿಲ ಮೇಲೆ ಕರಿಕಲ್ಲಿನಲ್ಲಿ 'ಉಮೈಯಾಳ್ ಆಚ್ಚಿ' ಎಂದು ನನ್ನ ಹೆಸರು. ದೊಡ್ಡ ಮನೆಯ ಹೆಂಗಸರನ್ನು ನಮ್ಮ ಕಡೆ ಆಚ್ಚಿ ಎಂದೇ ಕರೆಯುವುದು. ಜಿಲ್ಲೆಯ ಅತ್ಯುತ್ತಮ ಸೇವೆಯ ಷೀಲ್ಡು ಅದಕ್ಕೇ ಬರಬೇಕೆಂದು ನನಗೆ ಒಂದೇ ಹಟ. ಜಿಲ್ಲಾ ಕ್ಲಬ್ಬಿನವರು ನೋಡಲು ಬರುವ ಮೊದಲೇ ಮಕ್ಕಳು ಗಲೀಜು ಮಾಡಿಬಿಟ್ಟರೆ? ಬೀಗ ಹಾಕಿಸಿದೆ. ನಮ್ಮಲ್ಲಿ ದೊಡ್ಡ ಮನೆಗಳನ್ನೂ ಹೀಗೆ ಬೀಗ ಹಾಕಿಯೇ ಇಡುವುದು. ಮದುವೆಗೋ ಪೂಜೆಗೋ ತೆಗೆದರಾಯಿತು. ಬೀಗದ ಕೈ ನನ್ನ ಸೊಂಟದಲ್ಲಿತ್ತು.

ಸಿಗಪ್ಪಿ ಅಧ್ಯಕ್ಷೆಯಾದವಳೇ ಅದೇ ಶಾಲೆಯ ಅಂಗಳದಲ್ಲಿ ಕೊಳವೆಬಾವಿ ತೆಗೆಸಿ, ಟ್ಯಾಂಕು ಕಟ್ಟಿಸಿ, ಸಾಲಾಗಿ ನಲ್ಲಿ ಹಾಕಿಸಿದಳು. ನೀರು ಸಿಹಿ. ಹಾಳಾದ್ದು, ನಿಜವಾಗಿಯೂ ಸಿಹಿ.

"ಅಕ್ಕಾ, ಒಂದು ಪೈಪು ಎಳೆದ್ರೆ ನಿಮ್ಮ ಕಟ್ಟಡಕ್ಕೂ ನೀರು ಬರುತ್ತೆ," ಎಂದಳು ಒಂದು ದಿನ.

"ನನ್ನ ಕಟ್ಟಡಕ್ಕೆ ನಿನ್ನ ನೀರ್ಯಾಕಮ್ಮಾ? ಊರಿನ ನೀರಿನ ಲೈನು ಬರ್ಲಿ, ತಗೋತೀನಿ."

"ಅದು ಯಾವ ಕಾಲಕ್ಕೋ. ಹುಡ್ಗೀರು ನನ್ನ ನಲ್ಲಿ ಹತ್ರಾನೂ ಬರ್ತಿಲ್ಲ. ನೀರು ಕುಡಿದ್ರೆ ಹೋಗ್ಬೇಕಾಗುತ್ತಲ್ಲಾ, ಎಲ್ಲಿಗೆ ಹೋಗ್ತಾರೆ ಹೇಳಿ?"

"ನಿನ್ನ ನೀರು ಯಾರೂ ಕುಡೀತಿಲ್ವಾ? ಅಯ್ಯೋ ಪಾಪ!" ಎಂದೆ. ಒಳಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಜಿಲ್ಲಾ ಕ್ಲಬ್ಬಿನ ಅಧ್ಯಕ್ಷೆ ಮಂಗಳಂ ಮೇಡಂ ಷೀಲ್ಡಿಗಾಗಿ ನೋಡಲು ಬಂದರು. ಬೆಳಿಗ್ಗೆ ನಮ್ಮ ಮನೆಯಲ್ಲಿ ಪಣಿಯಾರ ತಿಂದರು. ಶಾಲೆಗೆ ಬಂದು ಹೊಗಳಿದ್ದು ಮಾತ್ರ ಸಿಗಪ್ಪಿಯ ನೀರನ್ನು! ಲೋಟದ ಮೇಲೆ ಲೋಟ ಕುಡಿದರು. ನನಗೆ ಮೈಯೆಲ್ಲ ಉರಿ. ಸ್ವಲ್ಪ ಹೊತ್ತಿಗೆ ಮೇಡಂ ನನ್ನ ಕಿವಿಯ ಬಳಿ ಬಗ್ಗಿದರು.

"ಉಮೈಯಾಳ್, ಅರ್ಜೆಂಟಾಗಿ ಹೋಗ್ಬೇಕಿತ್ತು."

"ಬನ್ನಿ ಮೇಡಂ, ಬನ್ನಿ! ನಮ್ಮದೇ ಇದೆಯಲ್ಲಾ!" ಎಂದು ಎಲ್ಲರಿಗೂ ಕೇಳುವಂತೆ ಕೂಗಿದೆ. ಬೀಗ ತುಕ್ಕು ಹಿಡಿದಿತ್ತು. ಮೇಡಂ ಕಾಲು ಬದಲಿಸುತ್ತ ನಿಂತರು. ಕೊನೆಗೂ ತೆರೆಯಿತು. ಗುಲಾಬಿ ಟೈಲ್ಸು ಫಳಫಳ ಎನ್ನುತ್ತಿತ್ತು. ನಾನು ಸಿಗಪ್ಪಿಯ ಕಡೆ ತಿರುಗಿ ಹುಬ್ಬು ಹಾರಿಸಿದೆ.

ಆಗಲೇ ಒಳಗಿನಿಂದ ಕೂಗು ಬಂತು: "ಉಮೈಯಾಳ್! ನಲ್ಲೀಲಿ ನೀರೇ ಇಲ್ವಲ್ರೀ!"

ಇಡೀ ಕ್ಲಬ್ಬು ಹೊರಗೆ ನಿಂತಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸಿಗಪ್ಪಿ ರೇಷ್ಮೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ತನ್ನ ನಲ್ಲಿಯಿಂದ ಬಕೆಟ್ಟು ತುಂಬಿಸಿ, ಬಾಗಿಲ ಸಂದಿಯಲ್ಲಿ ಒಳಗೆ ಕೊಟ್ಟಳು. ನಗಬಹುದಿತ್ತು, ನಗಲಿಲ್ಲ. ಅದನ್ನೇ ನನಗೆ ಸಹಿಸಲಾಗಲಿಲ್ಲ.

ಮೇಡಂ ಹೊರಬಂದು, ಗೋಡೆಗೊರಗಿ ನೋಡುತ್ತಿದ್ದ ಪೂಂಗೊಡಿ ಎಂಬ ಹುಡುಗಿಯನ್ನು ಕೇಳಿದರು: "ನೀವೆಲ್ಲಾ ಎಲ್ಲಿಗೆ ಹೋಗ್ತೀರಮ್ಮಾ?"

"ಮನೆಗೆ ಹೋಗೋವರ್ಗೂ ತಡ್ಕೋತೀವಿ ಮೇಡಂ. ಇದು ಆಚ್ಚಿಯೋರ ಕಟ್ಟಡ," ಎಂದಳು. ದೇವಸ್ಥಾನದ ವಿಷಯ ಹೇಳುವಷ್ಟು ಭಯಭಕ್ತಿಯಿಂದ ಹೇಳಿದಳು.

"ನನ್ನ ಕೈಲಿ ಐದು ನಿಮಿಷ ತಡ್ಕೊಳ್ಳೋಕಾಗ್ಲಿಲ್ಲ," ಎಂದಷ್ಟೇ ಹೇಳಿ ಮೇಡಂ ಕಾರು ಹತ್ತಿದರು. ನನ್ನ ಷೀಲ್ಡೂ ಆ ಕಾರಿನಲ್ಲೇ ಹೋಯಿತು ಎಂದು ನನಗೆ ಗೊತ್ತಾಯಿತು.

ಬೀಗ ಹಾಕಲೆಂದು ತಿರುಗಿದೆ. ಪೂಂಗೊಡಿ ಸಿಗಪ್ಪಿಯ ನಲ್ಲಿಗೆ ಬೊಗಸೆಯೊಡ್ಡಿ ಗಟಗಟ ಕುಡಿಯುತ್ತಿದ್ದಳು. ಮುಖ ಒರೆಸಿಕೊಂಡು, ಬಕೆಟ್ಟು ತುಂಬಿಸಿ ತಂದು ನನ್ನೆದುರು ನಿಂತಳು. ಅವಳ ಹಿಂದೆ ಇನ್ನೊಬ್ಬಳು. ಅವಳ ಹಿಂದೆ ಶಾಲೆಗೆ ಶಾಲೆಯೇ. ಎಲ್ಲರ ಕಣ್ಣೂ ನನ್ನ ಕೈಯ ಬೀಗದ ಮೇಲೆ.

ಬೀಗವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಪಕ್ಕಕ್ಕೆ ಸರಿದೆ.

"ಪೈಪು ಎಳೆಸು," ಎಂದೆ ಸಿಗಪ್ಪಿಗೆ, ಅವಳ ಮುಖ ನೋಡದೆ. "ನೆಲದೊಳಗೆ ಹೂಳಿಸು. ಯಾರ ಕಣ್ಣಿಗೂ ಬೀಳಬಾರ್ದು."

ಈಗ ನಕ್ಕಳು. "ಆಯ್ತಕ್ಕಾ. ಕಾಣೋದು ನಿಮ್ಮ ಹೆಸ್ರೇ ಇರ್ಲಿ ಬಿಡಿ."

ಮಕ್ಕಳು ಒಬ್ಬೊಬ್ಬರಾಗಿ ಆ ಕರಿಕಲ್ಲಿನ ಕೆಳಗೆ ಹಾದು ಒಳಗೆ ಹೋದರು. ನಾನು ಕಾದು ನೋಡಿದೆ. ಒಬ್ಬಳೂ ತಲೆಯೆತ್ತಿ ಅದನ್ನು ಓದಲಿಲ್ಲ.