ಹತ್ತು ನಿಮಿಷ ಜಾಸ್ತಿ

ನಮ್ಮೂರಲ್ಲಿ ಜಗಳ ಯಾಕೆ ಆಗುತ್ತಿಲ್ಲ ಎಂದು ಪತ್ತೆ ಹಚ್ಚಲು ಯುರೋಪಿನಿಂದ ಮೂರು ಜನ ಬಂದಿಳಿದರು. ನಗಬೇಡಿ. ಬಡ ದೇಶಗಳಲ್ಲಿ ಕಲಹ ಹುಟ್ಟುವ ಮೊದಲೇ ತಡೆಯುವ ದೊಡ್ಡ ಸಂಸ್ಥೆಯಂತೆ ಅವರದು. ಹೊಸದುರ್ಗ ತಾಲ್ಲೂಕಿನ ಮತ್ತೋಡು ಕಡೆಯ ಈ ಊರಲ್ಲಿ ಇರುವುದು ಎರಡು ಬೀದಿ, ಒಂದು ನೀರಿನ ಟ್ಯಾಂಕು, ಅದೂ ಅರ್ಧ ತುಂಬಿದರೆ ಪುಣ್ಯ. ಆದರೂ ಹನ್ನೊಂದು ವರ್ಷದಿಂದ ಪೊಲೀಸ್ ಠಾಣೆಗೆ ನೀರಿನ ದೂರು ಒಂದೂ ಹೋಗಿಲ್ಲ. ಈ ಗುಟ್ಟು ಸಿಕ್ಕರೆ ಗಡಿಯಲ್ಲಿ ಬಡಿದಾಡುವ ದೇಶಗಳ ನಡುವೆ ನಿಲ್ಲುವ ಶಾಂತಿಪಡೆಗಳಿಗೆ ಅದನ್ನು ಕಲಿಸುತ್ತಾರಂತೆ. ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು ಎಂಬ ಒಂದೇ ತಪ್ಪಿಗೆ ನನ್ನನ್ನು ದುಭಾಷಿ ಮಾಡಿದರು.

ಗುಟ್ಟು ಇದ್ದದ್ದು ನೀರುಗಂಟಿ ತಿಪ್ಪಕ್ಕನ ಹತ್ತಿರ. ದಿನಾ ಬೆಳಿಗ್ಗೆ ಉದ್ದನೆಯ ಕಬ್ಬಿಣದ ಚಾವಿ ಹೆಗಲಿಗೇರಿಸಿ ಬಂದು, ವಾಲ್ವ್ ತಿರುಗಿಸಿ, ಗುಡಿ ಬೀದಿಗೊಮ್ಮೆ ಬೇವಿನಮರದ ಬೀದಿಗೊಮ್ಮೆ ನೀರು ಬಿಡುವಾಕೆ. ಗಂಡ ತೀರಿಕೊಂಡ ಮೇಲೆ ಪಂಚಾಯ್ತಿ ಕೊಟ್ಟ ಕೆಲಸ. ಆಕೆಯ ಊಟವೂ ಆ ಚಾವಿಯಿಂದಲೇ, ಊರಲ್ಲಿ ಆಕೆಗಿರುವ ಮರ್ಯಾದೆಯೂ ಆ ಚಾವಿಯಿಂದಲೇ.

ತಂಡದ ಮುಖ್ಯಸ್ಥೆ ಇಂಗ್ರಿಡ್ ಮೇಡಂ ಒಳ್ಳೆಯ ಹೆಂಗಸು, ಅದೇ ತೊಂದರೆ. ತಿಪ್ಪಕ್ಕನ ಜಗಲಿಯ ಮೇಲೆ ಚಕ್ಕಲಮಕ್ಕಲ ಹಾಕಿ ಕೂತು, ಇಲ್ಲಿ ಶಾಂತಿ ಹೇಗೆ ಉಳಿದಿದೆ ಎಂದು ಕೇಳಿದಳು. ತಿಪ್ಪಕ್ಕ ಸುತ್ತಮುತ್ತ ನೋಡಿ ದನಿ ತಗ್ಗಿಸಿದಳು.

"ಎರಡೂ ಬೀದಿಗೂ ನಲವತ್ತು ನಿಮಿಷಾನೇ ಬಿಡೋದು ಮೇಷ್ಟ್ರೇ. ಆದ್ರೆ ಈ ಬೀದಿಗೆ ಹೋದಾಗ, ನಿಮಗೆ ಹತ್ತು ನಿಮಿಷ ಜಾಸ್ತಿ ಬಿಟ್ಟೀನಿ, ಆ ಬೀದಿಯೋರಿಗೆ ಹೇಳಬ್ಯಾಡ್ರಿ ಅಂತೀನಿ. ಅಲ್ಲಿಗೆ ಹೋದಾಗ್ಲೂ ಅದೇ ಮಾತು. ಇದನ್ನ ನೀವೂ ಯಾರಿಗೂ ಹೇಳಬ್ಯಾಡ್ರಿ."

ನಾನೆಂಥ ದಡ್ಡ ನೋಡಿ. ಒಂದಕ್ಷರ ಬಿಡದೆ ಎಲ್ಲವನ್ನೂ ಇಂಗ್ಲಿಷಿಗೆ ತಂದೆ, ಆ ಕೊನೆಯ ಮಾತನ್ನೂ ಸೇರಿಸಿ. ನನ್ನ ಇಂಗ್ಲಿಷು ಚೆನ್ನಾಗಿದೆ ಎಂದು ಮೇಡಂ ಹೊಗಳಿದಾಗ ಉಬ್ಬಿಯೂ ಹೋದೆ.

ಸುಳ್ಳಿನ ಮೇಲೆ ನಿಂತ ಶಾಂತಿ ಶಾಂತಿಯೇ ಅಲ್ಲ ಎಂದು ತಂಡ ತೀರ್ಮಾನಿಸಿತು. ಶಾಲೆಯಲ್ಲಿ ಮೂರು ದಿನ ಪಾರದರ್ಶಕತೆಯ ತರಬೇತಿ ನಡೆಯಿತು. ಎರಡೂ ಬೀದಿಯವರು ಶಾಂತಿಪಡೆಯವರಂತೆ ನೀಲಿ ಟೋಪಿ ಹಾಕಿಕೊಂಡು, ಒಬ್ಬರ ಕೈ ಒಬ್ಬರು ಹಿಡಿದು, ಬಿಸ್ಕತ್ತು ತಿಂದರು. ನಾಲ್ಕನೆಯ ದಿನ ಟ್ಯಾಂಕಿನ ಕೆಳಗೆ ಒಂದು ಬೋರ್ಡು ಎದ್ದಿತು: ಗುಡಿ ಬೀದಿ, ನಲವತ್ತು ನಿಮಿಷ, ಬೇವಿನಮರದ ಬೀದಿ, ನಲವತ್ತು ನಿಮಿಷ. ಅಕ್ಷರ ಬರೆದವನೂ ನಾನೇ.

ಮರುದಿನ ಬೆಳಿಗ್ಗೆ ಗುಡಿ ಬೀದಿಯ ಬರಗೇರಮ್ಮ ಆ ಬೋರ್ಡನ್ನು ಮೊಮ್ಮಗಳಿಂದ ಎರಡು ಸಲ ಓದಿಸಿಕೊಂಡಳು.

"ಹಂಗಾದ್ರೆ ನಮ್ಮ ಹತ್ತು ನಿಮಿಷ ಯಾರು ತಿಂದ್ರು?"

ಬೇವಿನಮರದ ಬೀದಿಯವರ ಪ್ರಶ್ನೆಯೂ ಅದೇ ಆಗಿತ್ತು. ಇಬ್ಬರಿಗೂ ಸಮ ಎಂಬುದು ಹನ್ನೊಂದು ವರ್ಷದಲ್ಲಿ ಮೊದಲ ಸಲ ಗೊತ್ತಾಗಿ, ಇಬ್ಬರಿಗೂ ಮೋಸ ಹೋದೆವೆನ್ನಿಸಿತು. ಕೊಡಗಳು ಹಾರಾಡಿದವು. ಬೇವಿನಮರದ ಬೀದಿಯ ಬಾಲರಾಜುವಿನ ಹಣೆಗೆ ಹೊಸದುರ್ಗದ ಆಸ್ಪತ್ರೆಯಲ್ಲಿ ಮೂರು ಹೊಲಿಗೆ ಬಿತ್ತು. ಪೊಲೀಸ್ ಜೀಪು ಬಂದಾಗ ಪೇದೆಗಳು ಟ್ಯಾಂಕಿಗೆ ದಾರಿ ಕೇಳಬೇಕಾಯಿತು. ಒಳಗಿದ್ದ ಸಂಘರ್ಷ ಹೊರಗೆ ಬಂದದ್ದು ಆರೋಗ್ಯದ ಲಕ್ಷಣ ಎಂದು ಮೇಡಂ ಬರೆದುಕೊಂಡಳು.

ಆಮೇಲೆ ಶಾಂತಿ ಸಮಿತಿ. ಬೀದಿಗೆ ಐದೈದು ಜನ. ತಿಪ್ಪಕ್ಕನ ಚಾವಿಯನ್ನು ಕಿತ್ತು ಪಂಚಾಯ್ತಿ ಬೀರುವಿನಲ್ಲಿಟ್ಟು, ಬೀದಿಗೊಂದರಂತೆ ಎರಡು ಬೀಗ ಜಡಿದರು. ಇವರು ಬಂದರೆ ಅವರಿಲ್ಲ, ಅವರು ಬಂದರೆ ಇವರಿಲ್ಲ. ಎರಡು ದಿನ ಯಾರ ಮನೆಗೂ ತೊಟ್ಟು ನೀರು ಬರಲಿಲ್ಲ. ಮೇಡಂ ವರದಿಯಲ್ಲಿ ಬರೆದಂತೆ ಮಾಡುತ್ತೇವೆ, ಸಮಿತಿಯೇ ಸಾಕೆಂದರೆ ನೀರುಗಂಟಿ ಕೆಲಸ ತೆಗೆಯುತ್ತೇವೆ ಎಂದು ಪಂಚಾಯ್ತಿಯವರು ಕೈತೊಳೆದುಕೊಂಡರು. ತಿಪ್ಪಕ್ಕ ಜಗಲಿಯ ಮೇಲೆ ಬರಿಗೈಯಲ್ಲಿ ಕೂತಿದ್ದಳು. ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನನಗೆ ನನ್ನ ನಾಲಿಗೆಯ ಮೇಲೇ ಅಸಹ್ಯವಾಯಿತು.

ಕೊನೆಯ ದಿನದ ಸಭೆಯಲ್ಲಿ ಮೇಡಂ ನನ್ನ ಮೂಲಕ ತಿಪ್ಪಕ್ಕನ ಅಭಿಪ್ರಾಯ ಕೇಳಿದಳು.

"ಇವರು ಬಂದಿದ್ದೇ ತಪ್ಪು," ಅಂದಳು ತಿಪ್ಪಕ್ಕ. "ನನ್ನ ಚಾವಿ ನನಗೆ ಕೊಟ್ಟು, ಆ ಬೋರ್ಡು ಕಿತ್ಕಂಡು ಊರಿಗೆ ಹೋಗಾಕ ಹೇಳ್ರಿ."

ನಾನು ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಶುರುಮಾಡಿದೆ. ನಿಮ್ಮ ತರಬೇತಿಯಿಂದ ಈಕೆಯ ಕಣ್ಣು ತೆರೆದಿದೆಯಂತೆ. ಬೇರೆ ದೇಶಗಳಿಗೆ ಕೊಟ್ಟದ್ದಕ್ಕಿಂತ ಈ ಊರಿಗೆ ನೀವು ಸ್ವಲ್ಪ ಹೆಚ್ಚೇ ಕೊಟ್ಟಿದ್ದೀರಂತೆ, ಅವರಿಗೆ ತಿಳಿದರೆ ಬೇಜಾರಾದೀತು, ಹೇಳಬೇಡಿ ಎನ್ನುತ್ತಾಳೆ. ಇನ್ನು ಮುಂದೆ ಚಾವಿ ಸ್ಥಳೀಯ ಮಹಿಳಾ ನಾಯಕತ್ವದ ಕೈಯಲ್ಲಿರಲಿ. ಬೋರ್ಡು ನಿಮ್ಮ ಪ್ರಧಾನ ಕಚೇರಿಯ ಗೋಡೆಗೆ ಈ ಊರಿನ ಕಾಣಿಕೆ.

ಇಂಗ್ರಿಡ್ ಮೇಡಂ ಕಣ್ಣೊರೆಸಿಕೊಂಡಳು. ಎರಡೂ ಬೀಗ ತೆಗೆಸಿ, ಚಾವಿಯನ್ನು ತಾನೇ ತಿಪ್ಪಕ್ಕನ ಕೈಗಿತ್ತು ಫೋಟೋ ಹಿಡಿಸಿಕೊಂಡಳು. ಬೋರ್ಡು ಕಾರಿನ ಮೇಲೆ ಏರಿತು. ಆ ಸಂಜೆಯೇ ತಿಪ್ಪಕ್ಕ ಎರಡೂ ಬೀದಿಗೆ ಹೋಗಿ, ಬೋರ್ಡಿನಲ್ಲಿ ಬರೆದದ್ದು ಬರೀ ಇನ್ನೊಂದು ಬೀದಿಯವರನ್ನು ನಂಬಿಸಲಿಕ್ಕೆ, ನಿಮ್ಮ ಹತ್ತು ನಿಮಿಷ ನಿಮಗೇ ಎಂದು ಪಿಸುಗುಟ್ಟಿದಳಂತೆ.

ಮರುದಿನ ಬೆಳಿಗ್ಗೆ ಗುಡಿ ಬೀದಿಯ ನಮ್ಮ ಮನೆ ಮುಂದೆ ನಿಂತಳು.

"ಮೇಷ್ಟ್ರೇ, ನಿನ್ನೆ ಆಯಮ್ಮನಿಗೆ ಏನಂದ್ರಿ?"

"ಹತ್ತು ನಿಮಿಷ ಜಾಸ್ತಿ ಬಿಟ್ಟೆ, ತಿಪ್ಪಕ್ಕ."

ತಿಪ್ಪಕ್ಕ ಸೆರಗು ಬಾಯಿಗಿಟ್ಟು ನಕ್ಕಳು. ಹೋಗುವ ಮುಂಚೆ, ಇವತ್ತು ನಿಮ್ಮ ಬೀದಿಗೆ ಜಾಸ್ತಿ ಬಿಡುತ್ತೇನೆ, ಯಾರಿಗೂ ಹೇಳಬೇಡಿ ಅಂದಳು. ನಲ್ಲಿಯಲ್ಲಿ ನಲವತ್ತು ನಿಮಿಷ ನೀರು ಬಂತು. ನನಗೇಕೋ ಐವತ್ತು ಅನ್ನಿಸಿತು.